ಮರಳು, ಜಲ್ಲಿ, ಮೇಸ್ತ್ರಿ

ಕಸುಬು ಬಲ್ಲವನಿಗೂ ಬರೀ ಕೂಲಿಯವನಿಗೂ ಒಂದೇ ಸಂಬಳ ಕೊಟ್ಟರೆ ದೇಶ ಕೆಟ್ಟುಹೋಗುತ್ತದೆ ಎಂದು ಕಳವಳಪಡುವವರಲ್ಲಿ ಈ ಎರಡು ಗುಂಪಿಗೂ ಸೇರದವರೇ ಹೆಚ್ಚು. ಅವರ ವಾದ ಗೊತ್ತಿರುವುದೇ: ಎಲ್ಲರಿಗೂ ಸಮ ಎಂದಾದರೆ ಯಾರು ತಾನೆ ಕಷ್ಟಪಟ್ಟು ಕಲಿತಾರು? ನಾನೂ ಒಪ್ಪುತ್ತೇನೆ. ವರ್ಷಗಟ್ಟಲೆ ಕರಣೆ ಹಿಡಿದು ಗೋಡೆ ನೆಟ್ಟಗೆ ನಿಲ್ಲಿಸಲು ಕಲಿತ ಮೇಸ್ತ್ರಿಗೆ, ನಿನ್ನೆ ಬಂದು ಬಾಂಡ್ಲಿ ಹೊತ್ತವನಿಗಿಂತ ನಾಲ್ಕು ಕಾಸು ಹೆಚ್ಚೇ ಸಿಗಲಿ. ನನ್ನ ತಕರಾರು ಸಣ್ಣದು. ಆ ಏನೂ ಬಾರದವನನ್ನು ಮೊದಲು ಒಮ್ಮೆ ತೋರಿಸಿ.

ಸರ್ಕಾರದ ಬಳಿ ಇದ್ದಾನಂತೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ, ಅಂದರೆ ನರೇಗಾ, ಅವನ ಕೆಲಸಕ್ಕೆ ಒಂದು ವ್ಯಾಖ್ಯಾನವನ್ನೇ ಬರೆಯಿತು: ಯಾವ ಕುಶಲತೆಯೂ ವಿಶೇಷ ತರಬೇತಿಯೂ ಇಲ್ಲದೆ ಯಾವ ವಯಸ್ಕ ಬೇಕಾದರೂ ಮಾಡಬಲ್ಲ ದೈಹಿಕ ಕೆಲಸ. ಯಾವ ವಯಸ್ಕ ಬೇಕಾದರೂ! ಹಾಗಿದ್ದರೆ ಇದನ್ನು ಬರೆದ ಅಧಿಕಾರಿಯನ್ನೂ ಕೈಯೆತ್ತಿ ಒಪ್ಪಿದ ಸಂಸದರನ್ನೂ ಏಪ್ರಿಲ್ ತಿಂಗಳ ರಾಯಚೂರಿಗೆ ಕರೆತಂದು, ಬಿರಿದ ಎರೆಹೊಲದಲ್ಲಿ ನಿಲ್ಲಿಸಿ, ಬದು ಹಾಕಿ ಸ್ವಾಮಿ ಅನ್ನಬಹುದು. ಪಿಕಾಸಿ ಯಾವ ಓರೆಯಲ್ಲಿ ಬಿದ್ದರೆ ಹೆಂಟೆ ಏಳುತ್ತದೆ, ಸೊಂಟ ಹಿಡಿಯದಂತೆ ಬುಟ್ಟಿ ಎತ್ತುವುದು ಹೇಗೆ, ಮಧ್ಯಾಹ್ನದ ತನಕ ಉಸಿರು ಉಳಿಸಿಕೊಳ್ಳುವುದು ಹೇಗೆ ಎಂಬುದೆಲ್ಲ ಹದಿನೆಂಟು ತುಂಬಿದ ಕೂಡಲೇ ತಾನಾಗಿ ಬಂದುಬಿಡುತ್ತದೆ ಎಂದು ಕಾಯ್ದೆಯೇ ಹೇಳಿದೆಯಲ್ಲ.

ಕೆಲಸವಾದ ಮೇಲೆ ಟೇಪು ಬರುತ್ತದೆ. ಗುಂಡಿಯ ಉದ್ದ, ಅಗಲ, ಆಳ ಅಳತೆ ಪುಸ್ತಕಕ್ಕೆ ಏರುತ್ತವೆ. 2025-26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ ಇತ್ತು. ಅಳತೆ ಕಡಿಮೆ ಬಿದ್ದರೆ ಕೈಗೆ ಬರುವುದೂ ಕಡಿಮೆ. ಕೆಲಸಕ್ಕೆ ಕುಶಲತೆ ಬೇಕಿಲ್ಲ, ಅಳತೆ ತುಂಬುವುದಕ್ಕೆ ಮಾತ್ರ ಬೇಕು.

ಸರಿ, ಕಲಿತವನ ಗತಿ ನೋಡೋಣ. ಅದೇ ಕಾಯ್ದೆಯಲ್ಲಿ ಖರ್ಚಿನ ಒಂದು ಲೆಕ್ಕವಿತ್ತು: ಅಕುಶಲರ ಕೂಲಿಗೆ ಶೇ. 60ಕ್ಕೆ ಕಡಿಮೆಯಿಲ್ಲದಂತೆ, ಸಾಮಗ್ರಿಗೆ ಶೇ. 40 ಮೀರದಂತೆ. ಕುಶಲ, ಅರೆಕುಶಲ ಕಾರ್ಮಿಕರ ಕೂಲಿ ಎಲ್ಲಿತ್ತು ಅಂದಿರಾ? ಸಾಮಗ್ರಿಯ ಬಾಬ್ತಿನಲ್ಲಿ. ಮರಳು, ಜಲ್ಲಿ, ಸಿಮೆಂಟು, ಮೇಸ್ತ್ರಿ. ಕಲಿತರೆ ಮೇಲೆ ಬರುತ್ತೀಯ ಮಗನೇ ಎಂದು ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಬಾಂಡ್ಲಿ ಹೊರುವಾಗ ಮನುಷ್ಯರ ಲೆಕ್ಕದಲ್ಲಿದ್ದವನು ಕರಣೆ ಹಿಡಿದ ಮೇಲೆ ಜಲ್ಲಿಯ ಜೊತೆ ಸೇರಿದ. ಸಾಮಗ್ರಿ ಬಿಲ್ಲು ಯಾವಾಗ ಬರುತ್ತದೆ ಎಂದು ಯಾವುದಾದರೂ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ನೋಡಿ, ಪಿಡಿಒ ನಗುವುದನ್ನು ಕಾಣುವ ಭಾಗ್ಯ ನಿಮ್ಮದಾದೀತು.

ಈ ಗೊಂದಲವೇ ಬೇಡವೆಂದು ಕೆಲವರನ್ನು ಕುಶಲ-ಅಕುಶಲರ ಪಟ್ಟಿಯಿಂದಲೇ ಹೊರಗಿಟ್ಟಿದ್ದಾರೆ. ಬಿಸಿಯೂಟದ ಅಡುಗೆಯವರು ಶಾಲೆಗೆ ಶಾಲೆಯೇ ಉಣ್ಣುವಷ್ಟು ಅನ್ನ ಸಾಂಬಾರನ್ನು ಹದ ಕೆಡದೆ ಇಳಿಸುತ್ತಾರೆ. ಆಶಾ ಕಾರ್ಯಕರ್ತೆಯರು ಬಸುರಿ ಬಾಣಂತಿಯರ ಲೆಕ್ಕವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿರುತ್ತಾರೆ. ಅವರಿಗೆ ಸಂಬಳವಿಲ್ಲ, ಗೌರವಧನ. ಇಷ್ಟು ಗೌರವ ಸಾಲದೆಂದು 2025ರ ಜನವರಿಯ ಚಳಿಯಲ್ಲಿ ಆಶಾದವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂರಬೇಕಾಯಿತು.

ಮಲೆನಾಡಿನ ಅಡಿಕೆ ತೋಟದಲ್ಲಿ ಸರ್ಕಾರಿ ದರದ ಅಧಿಸೂಚನೆಯ ಹಂಗಿಲ್ಲ. ಕೊನೆಗಾರ ಯಾವ ತರಬೇತಿ ಕೇಂದ್ರದ ಸರ್ಟಿಫಿಕೇಟೂ ತೋರಿಸದೆ ಒಂದು ಮರದಿಂದ ಇನ್ನೊಂದಕ್ಕೆ ಜಿಗಿಯುತ್ತಾನೆ, ತನ್ನ ದರ ತಾನೇ ಹೇಳುತ್ತಾನೆ. ತೋಟದ ಒಡೆಯ ಹೆಗಡೆಯವರು ಗೊಣಗುತ್ತಲೇ ಎಣಿಸಿ ಕೊಟ್ಟು, ಮೇಲೊಂದು ಕಾಫಿ ಮಾಡಿಸುತ್ತಾರೆ. ಅದೇ ಮನೆಯ ಅಂಗಳದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು, ಬೆರಳು ಕುಯ್ದುಕೊಳ್ಳದೆ, ಮಾತೂ ನಿಲ್ಲಿಸದೆ ಅಡಿಕೆ ಸುಲಿಯುವ ಹೆಂಗಸರಿಗೆ ಅಳೆದು ಕೊಡುತ್ತಾರೆ. ಅವರದೂ ವಿದ್ಯೆಯೇ, ನಂಬದಿದ್ದರೆ ಒಂದು ಕಾಯಿ ಸುಲಿದು ನೋಡಿ. ವ್ಯತ್ಯಾಸ ಇಷ್ಟೇ: ಕೊನೆಗಾರ ಬಾರದಿದ್ದರೆ ಕೊನೆ ಮರದಲ್ಲೇ ಹಣ್ಣಾಗುತ್ತದೆ, ಸುಲಿಯುವವರು ಬಾರದಿದ್ದರೆ ಯಂತ್ರವಿದೆ. ಕೂಲಿ ಏರುವುದು ಕೈಚಳಕಕ್ಕಲ್ಲ, ಕೈಕೊಡುವ ತಾಕತ್ತಿಗೆ.

2024ರಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ ಕಚೇರಿ ಕಚೇರಿಗೂ ಭಾವಚಿತ್ರ ತೂಗುಹಾಕಿಸಿತು. ನರೇಗಾ ಕೂಲಿಕಾರರ ಗುಂಪಿನ ಮುಂದಾಳಿಗೆ ನಮ್ಮಲ್ಲಿ ಕಾಯಕ ಬಂಧು ಎಂದೇ ಹೆಸರಿಟ್ಟಿದ್ದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ಬಿಜ್ಜಳನ ಮಂತ್ರಿ ಬಸವಣ್ಣನೂ ಒಟ್ಟಿಗೆ ಕೂತ ನಾಡಲ್ಲವೇ! ಆ ಭಾವಚಿತ್ರದ ಕೆಳಗೆ ಕುಳಿತೇ ಕನಿಷ್ಠ ವೇತನದ ಪಟ್ಟಿ ತಯಾರಾಗುತ್ತದೆ: ಅತಿಕುಶಲ, ಕುಶಲ, ಅರೆಕುಶಲ, ಅಕುಶಲ. ನಾಲ್ಕೇ ಏಕೆ ಎಂದು ಕೇಳಬೇಡಿ, ಈ ದೇಶಕ್ಕೆ ನಾಲ್ಕರ ಮೇಲೆ ಹಳೆಯ ಮಮಕಾರ.

ಆದರೂ ಈ ಪಟ್ಟಿಯಲ್ಲಿ ಹಿಡಿಸದವರೂ ಇದ್ದಾರೆ. ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರಿಗೆ 2023-24ರಲ್ಲಿ ಸಂದದ್ದು 51 ಕೋಟಿ ರೂಪಾಯಿ. ಅವರದೇ ಕಂಪನಿಯ ನಡುಮಟ್ಟದ ನೌಕರನ ಸಂಬಳದ 534 ಪಟ್ಟು. ಯಾವ ಟೇಪಿನಲ್ಲಿ ಅಳೆದರೋ. 2025ರ ಫೆಬ್ರುವರಿಯಲ್ಲಿ ಅವರು ಚೆನ್ನೈನ ಸಭೆಯೊಂದರಲ್ಲಿ, ನರೇಗಾದಂಥ ಯೋಜನೆಗಳಿಂದಾಗಿ ಕಟ್ಟಡ ಕೆಲಸಕ್ಕೆ ಆಳುಗಳು ಬರಲೊಲ್ಲರು ಎಂದು ಬೇಸರಪಟ್ಟರು. ಯಾವ ವಯಸ್ಕ ಬೇಕಾದರೂ ಮಾಡಬಲ್ಲ ಕೆಲಸಕ್ಕೆ ಇಷ್ಟೊಂದು ಚಿಂತೆಯೇ? ಕಂಪನಿಯ ಆಫೀಸಿನಲ್ಲಿ ವಯಸ್ಕರಿಗೇನು ಬರ? ನೌಕರರನ್ನು ಭಾನುವಾರ ದುಡಿಸಲಾಗುತ್ತಿಲ್ಲವಲ್ಲ ಎಂಬ ಅವರ ಕೊರಗು ಹಿಂದಿನ ತಿಂಗಳಷ್ಟೇ ಸುದ್ದಿಯಾಗಿತ್ತು. ಆ ಭಾನುವಾರಗಳಿಗೆ ಕೆಲಸ ಸಿಕ್ಕಂತಾಯಿತು. ಅಧ್ಯಕ್ಷರೇ ಮುಂದೆ ನಿಂತರೆ ಇನ್ನೂ ಚೆಂದ. ಗುದ್ದಲಿ, ಬಾಂಡ್ಲಿ ಕೊಡಿಸೋಣ. ಕೂಲಿ ಅದೇ 370 ರೂಪಾಯಿ, ಅಳತೆ ತುಂಬಿದರೆ.