ಹುಳಪ್ಪನ ಸೇವೆ

ಊರ ಮಂದಿ ಎಮ್ಮೆ ಸಾಕುತ್ತಾರೆ, ಆಡು ಸಾಕುತ್ತಾರೆ. ನಾನು ಹುಳ ಸಾಕುತ್ತೇನೆ. ಹುನಗುಂದದ ಎಳ್ಳಿನ ಹೊಲದಿಂದ ಬಂದ ಬೆರಳುದ್ದದ ಹಸಿರು ಮಹಾರಾಯ, ಬಾಲಕ್ಕೊಂದು ಕೊಂಬು ಬೇರೆ. ಬದನೆ ಎಲೆ ಕೊಟ್ಟರೆ ಮುಖ ತಿರುವುತ್ತಾನೆ, ತಾಜಾ ಎಳ್ಳೆಲೆಯೇ ಬೇಕು. ತರಲು ಹೋದರೆ ಹೊಲದವರು, “ನಾವು ಎಣ್ಣಿ ಹೊಡದು ಸಾಯಸ್ತೀವಿ, ನೀವು ಉಣ್ಣಾಕ ಹಾಕ್ತೀರಲ್ರೀ ಸರ!” ಎಂದು ನಕ್ಕರು.

ಮನೆಯಾಕೆ ಇಳಕಲ್ ಸೀರೆಗಳ ಟ್ರಂಕಿಗೆ ಬೀಗ ಜಡಿದಳು. ಇದು ಬಟ್ಟೆ ತಿನ್ನುವ ಜಾತಿಯಲ್ಲ ಎಂದರೆ, “ಅದು ಅದಕ್ಕ ಗೊತ್ತೈತೇನ್ರಿ?” ಎಂದಳು.

ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಇಂಥ ಹುಳಗಳನ್ನೇ ಸಾಕಿ, ಸ್ಕಾಟ್ ಜೊತೆಗೂಡಿ 1937ರಲ್ಲಿ ದಪ್ಪ ಪುಸ್ತಕ ತಂದರು. ಅವರ ಮನೆಯಲ್ಲಿ ಟ್ರಂಕಿಗೆ ಬೀಗ ಬಿದ್ದಿತ್ತೋ ಇಲ್ಲವೋ!

ನಮ್ಮವನು ಡಬ್ಬಿಯ ಮಣ್ಣಿಗಿಳಿದು ಕೋಶವಾದ. ಹೊರಬಂದಾಗ ಬೆನ್ನ ಮೇಲೆ ತಲೆಬುರುಡೆಯ ಚಿತ್ರ: ಅಕೆರೊಂಟಿಯಾ ಸ್ಟಿಕ್ಸ್, ಜೇನುಗೂಡಿಗೇ ನುಗ್ಗಿ ಜೇನು ಕದಿಯುವ ಪತಂಗ. ಮುಟ್ಟಿದರೆ ಇಲಿಯಂತೆ ಚೀಂವ್ ಎಂದ. ಮನೆಯಾಕೆ ಅದಕ್ಕಿಂತ ಜೋರಾಗಿ ಕೂಗಿದಳು.

ನಿನ್ನೆ ಬಾದಾಮಿಯಿಂದ ತಂಗಿಯ ಫೋನು: “ಅಣ್ಣಾ, ಕಣಗಿಲ ಗಿಡದಾಗ ನೀಲಿ ಕಣ್ಣಿನ ಹುಳಾ ಕುಂತೈತಿ. ಲಗೂನ ಬಂದು ಒಯ್ಯಿ, ಇಲ್ಲಾಂದ್ರ ಕೋಳಿಗೆ ಹಾಕ್ತೀನಿ.”