ಶುಗರ್ ಒಬ್ಬರಿಗೆ, ಪಹರೆ ಮನೆಯವರದು

ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನು ಇನ್ನೂ ನಾಲ್ಕು ಎಲೆ ಆಚೆಗಿರುವಾಗಲೇ "ಅವರಿಗೆ ಶುಗರ್ ಇದೆ, ಹಾಕಬೇಡಿ" ಎಂದು ಮಡದಿ ಕೂಗಿದರೆ ಯಜಮಾನರ ರೋಗ ಇಡೀ ಛತ್ರಕ್ಕೆ ತಿಳಿಯುತ್ತದೆ. ಅದೇ ಎಲೆಗೆ ಮೂರನೆಯ ಸಲ ಬಿದ್ದ ಅನ್ನದ ಬಗ್ಗೆ ಯಾರ ತಕರಾರೂ ಇಲ್ಲ, ಅನ್ನ ಸಿಹಿಯಲ್ಲವಲ್ಲ! ರಕ್ತಕ್ಕೆ ಹೋದ ಮೇಲೆ ಅದೂ ಗ್ಲೂಕೋಸೇ. ಮನೆಯವರ ನೆರವೆಂದರೆ ಪಹರೆ ಎಂದು ನಂಬಿರುವುದೇ ನಮ್ಮ ತೊಡಕು. 2013ರಲ್ಲಿ ಪ್ರಕಟವಾದ ಡಾನ್-2 ಅಧ್ಯಯನ ಭಾರತವೂ ಸೇರಿ 17 ದೇಶಗಳಲ್ಲಿ ಮಧುಮೇಹಿಗಳ ಮನೆಯವರನ್ನು ಮಾತನಾಡಿಸಿತು. ಮೂವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ನೆರವಾಗುವುದು ಹೇಗೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಮನುಷ್ಯ ಉಪದೇಶಕ್ಕಿಳಿಯುತ್ತಾನೆ, ಅದಕ್ಕೆ ಖರ್ಚಿಲ್ಲ. ಉಪದೇಶ ಹೆಚ್ಚಿದಷ್ಟೂ ಕದ್ದು ತಿನ್ನುವ ಕಲೆ ಪಳಗುತ್ತದೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾತ್ರ ಎರಡು-ಮೂರು ತಿಂಗಳ ಶುಗರ್‌ನ ಸರಾಸರಿಯನ್ನು ಡಾಕ್ಟರ ಮುಂದೆ ಒದರಿಬಿಡುತ್ತದೆ.

"ಕಾವಲಿಲ್ಲದಿದ್ದರೆ ಮೈಸೂರು ಪಾಕಿನ ಡಬ್ಬಿಯೇ ಖಾಲಿಯಾಗುತ್ತದೆ" ಎನ್ನುವವರುಂಟು. ಸರಿ, ಡಬ್ಬಿ ಮನೆಗೆ ಬಂದದ್ದಾದರೂ ಏಕೆ? ಮಕ್ಕಳಿಗಂತೆ. ಒಬ್ಬರ ಕಾಯಿಲೆಗೆ ಎಲ್ಲರಿಗೂ ಪಥ್ಯವೇ ಎಂಬುದು ಮುಂದಿನ ಆಕ್ಷೇಪ. 2023ರ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಹೆತ್ತವರಿಗಿದ್ದರೆ ಮಕ್ಕಳಿಗೆ ಬರುವ ಸಂಭವವೂ ಹೆಚ್ಚು. ಎಲ್ಲರ ತಟ್ಟೆಯಲ್ಲೂ ಅನ್ನ ಇಳಿದು ಪಲ್ಯ, ಕೋಸಂಬರಿ ಏರಿದರೆ, ಉಂಡ ಮೇಲೆ ಎಲ್ಲರೂ ಒಂದು ಸುತ್ತು ನಡೆದರೆ ನಷ್ಟ ಯಾರಿಗೂ ಇಲ್ಲ, ಟಿವಿ ಧಾರಾವಾಹಿಯೊಂದನ್ನು ಬಿಟ್ಟು. ಇನ್ನು ಕಾಯಿಲೆ ಅಮ್ಮನಿಗೇ ಬಂದರೆ ಪಥ್ಯದ ಅಡುಗೆಯೂ ಅವಳದೇ. ಎಲ್ಲರಿಗೂ ಬಡಿಸಿ, ಹೊತ್ತು ಮೀರಿ ಉಣ್ಣಬೇಕು. ಉಳಿದ ಅನ್ನ ದಂಡವಾಗಬಾರದೆಂದು ಅದನ್ನೂ ಮುಗಿಸಬೇಕು. ಅವಳ ಎಲೆಗೆ ಕಾವಲುಗಾರರೂ ಇಲ್ಲ.

ಹಾಗೆಂದು ಕಣ್ಣಿಡುವುದೇ ಬೇಡವೆಂದಲ್ಲ. ಸ್ಪರ್ಶ ಕುಂದಿದ ಪಾದದಡಿಯ ಗಾಯ ಹಿರಿಯರಿಗೆ ನೋಯುವುದೂ ಇಲ್ಲ, ಕಾಣುವುದೂ ಇಲ್ಲ. ದಿನಕ್ಕೊಮ್ಮೆ ಬೇರೆಯವರು ಬಗ್ಗಿ ನೋಡಬೇಕು. ಆದರೆ ಅಂಗಾಲಿನ ಮೇಲೆ ಪಹರೆಗೆ ಬರುವವರು ಕಡಿಮೆ, ಹೋಳಿಗೆಯಷ್ಟು ಆಕರ್ಷಣೆ ಅಲ್ಲೆಲ್ಲಿ? ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾಗಿ, ಶುಗರ್ 70ಕ್ಕಿಂತ ಕೆಳಗಿಳಿದು, ಅಜ್ಜ ಬೆವರಿ ನಡುಗತೊಡಗಿದರೆ, ಎಚ್ಚರವಿರುವಾಗಲೇ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಕಟ್ಟುನಿಟ್ಟಿನ ಮನೆಯಲ್ಲಿ ಆ ಹೊತ್ತಿಗೆ ಸಕ್ಕರೆ ಬೀರುವಿನೊಳಗಿರುತ್ತದೆ, ಬೀಗದಕೈ ಸೊಸೆಯೊಂದಿಗೆ ತವರಿಗೆ ಹೋಗಿರುತ್ತದೆ.