ಜಂಘಾವೃದ್ಧಿ ಮೀಮಾಂಸೆ: ಜನವಾಡದ ಒಂದು ಪ್ರಕರಣ

ನಡುವಯಸ್ಸಿನ ಬಗ್ಗೆ ಬರೆದ ಪಂಡಿತರೆಲ್ಲ ಕೂದಲು, ಹೊಟ್ಟೆ, ಸಕ್ಕರೆ ಎಂಬ ಮೂರು ಅಧ್ಯಾಯಗಳಲ್ಲಿ ಗ್ರಂಥ ಮುಗಿಸಿಬಿಟ್ಟಿದ್ದಾರೆ. ಮೊಣಕಾಲಿನ ಕೆಳಗೆ ಅವರ ಕಣ್ಣು ಇಳಿದೇ ಇಲ್ಲ. ಈ ಲೋಪವನ್ನು ತುಂಬಲು ಪ್ರಸ್ತುತ ಪ್ರಬಂಧವು ಬೀದರ್‌-ಔರಾದ್ ರಸ್ತೆಯ ಮೇಲಿನ ಜನವಾಡದ ಒಬ್ಬ ಗೃಹಸ್ಥರನ್ನು ಅಧ್ಯಯನಕ್ಕೆ ಎತ್ತಿಕೊಂಡಿದೆ. ವಯಸ್ಸು 47. ಎತ್ತರ 5 ಅಡಿ 3 ಇಂಚು. ಸಂಶೋಧನಾ ಶಿಷ್ಟಾಚಾರದಂತೆ ಹೆಸರನ್ನು ಗುಪ್ತವಾಗಿ ಇಡಲಾಗಿದೆ. ಆದರೆ ಊರಲ್ಲಿ ಇಳಿದು ‘ಗಿಡ್ಡ ಕಾಕಾ’ ಎಂದರೆ ಸಾಕು, ಯಾರಾದರೂ ಮನೆ ಬಾಗಿಲ ತನಕ ಬಿಟ್ಟು ಬರುತ್ತಾರೆ. ಜನವಾಡವೂ ನಿಜಾಮರ ಆಳ್ವಿಕೆಯಲ್ಲಿ ತಾಲೂಕು ಆಗಿದ್ದು ಆಮೇಲೆ ಹೋಬಳಿಗೆ ಇಳಿದ ಊರು. ಎತ್ತರದ ಪ್ರಶ್ನೆಯನ್ನು ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ವಿಚಾರಾರ್ಹ ಪ್ರಶ್ನೆ ಇಷ್ಟೇ: ಎರಡೂ ಕಾಲಿನ ಎಲುಬನ್ನು ದುಡ್ಡು ಕೊಟ್ಟು ಕಡಿಸಿಕೊಂಡು ಎರಡು ಇಂಚು ಉದ್ದವಾಗುವುದು ಈ ವಯಸ್ಸಿನಲ್ಲಿ ಯುಕ್ತವೋ ಅಲ್ಲವೋ?

ಮೊದಲು ಸಮಸ್ಯೆಯ ಇತಿಹಾಸ. ಕಾಕಾನ ಅಜ್ಜನಿಗೆ ಈ ಚಿಂತೆ ಇರಲಿಲ್ಲ, ಏಕೆಂದರೆ ಅವರ ತಲೆ ಮೇಲೆ ರುಮಾಲು ಇತ್ತು. ಸರಿಯಾಗಿ ಸುತ್ತಿದ ರುಮಾಲು ಮನುಷ್ಯನಿಗೆ ಸಲೀಸಾಗಿ ಮೂರು ಇಂಚು ಕೂಡಿಸುತ್ತದೆ, ಅರಿವಳಿಕೆ ಬೇಡ, ಹೊಲಿಗೆ ಬೇಡ, ರಾತ್ರಿ ಬಿಚ್ಚಿ ಗೂಟಕ್ಕೆ ಹಾಕಬಹುದು. ಅಪ್ಪನ ಕಾಲಕ್ಕೆ ಅದು ಗಾಂಧಿ ಟೋಪಿಯಾಗಿ ಕುಗ್ಗಿತು. ಮಗನ ಕಾಲಕ್ಕೆ ತಲೆ ಬರಿದಾಯಿತು, ಸ್ವಲ್ಪ ದಿನಕ್ಕೆ ಕೂದಲೂ ಹೋಯಿತು. ಮೂರು ತಲೆಮಾರಿನಲ್ಲಿ ಒಂದು ಮನೆತನ ಎಲುಬಿಗೆ ಕೈ ಹಚ್ಚದೆಯೇ ನಾಲ್ಕು ಇಂಚು ಇಳಿದ ಬಗೆ ಇದು. ಸಮಾಜಶಾಸ್ತ್ರಜ್ಞರು ಈ ‘ರುಮಾಲು ಸಿದ್ಧಾಂತ’ವನ್ನು ಇನ್ನೂ ಗಮನಿಸಿಲ್ಲ. ಸಮಸ್ಯೆಗೆ ತಕ್ಷಣದ ಕಾರಣ ಮಾತ್ರ ಬೇರೆ: ಮಗಳ ನಿಶ್ಚಿತಾರ್ಥದ ಫೋಟೊದಲ್ಲಿ ಕಾಕಿ ಕಾಕಾನಿಗಿಂತ ಒಂದು ಇಂಚು ಮೇಲಕ್ಕೆ ಕಂಡರು. ಅವರು ಮದುವೆಯಾದಾಗಿನಿಂದಲೂ ಹಾಗೇ ಇದ್ದಾರೆ. ಆದರೆ ಆಗ ಫೋಟೊಗಳು ಆಲ್ಬಮ್ಮಿನಲ್ಲಿ ಇರುತ್ತಿದ್ದವು, ಎಲ್ಲರ ಜೇಬಿನಲ್ಲಿ ಅಲ್ಲ.

ಇನ್ನು ಶಾಸ್ತ್ರ. ಎಲುಬು ಉದ್ದ ಮಾಡುವ ವಿದ್ಯೆಯ ಆದಿಪುರುಷ ಗವ್ರಿಲ್ ಇಲಿಜಾರೊವ್. ಎರಡನೇ ಮಹಾಯುದ್ಧದ ನಂತರ, ಸೈಬೀರಿಯಾದ ಕುರ್ಗಾನ್ ಎಂಬಲ್ಲಿ ಯುದ್ಧದಿಂದ ಕಾಲು ಮುರಿದುಕೊಂಡು ಬಂದವರಿಗೆ ಔಷಧ ಮಾಡುತ್ತಿದ್ದ ಈ ವೈದ್ಯರು 1950ರ ದಶಕದ ಆರಂಭದಲ್ಲಿ ಕಾಲಿನ ಸುತ್ತ ಲೋಹದ ಉಂಗುರಗಳು, ಅವುಗಳಿಂದ ಎಲುಬಿನೊಳಕ್ಕೆ ಬಿಗಿದ ತಂತಿಗಳು, ನಡುವೆ ನಟ್ಟು-ಬೋಲ್ಟು ಇರುವ ಚೌಕಟ್ಟು ಕಟ್ಟಿದರು. ಮುರಿದ ತುದಿಗಳನ್ನು ಒತ್ತಿ ಹಿಡಿಯಬೇಕಿದ್ದ ನಟ್ಟನ್ನು ಒಬ್ಬ ರೋಗಿ ಉಲ್ಟಾ ತಿರುಗಿಸಿದ, ಎಲುಬುಗಳ ನಡುವೆ ಸಂದು ಬಿತ್ತು, ಆ ಸಂದಿನಲ್ಲಿ ಹೊಸ ಎಲುಬು ಬೆಳೆದಿತ್ತು ಎಂಬ ಕಥೆ ವೈದ್ಯರ ನಡುವೆ ಪ್ರಸಿದ್ಧ. ಆರಂಭದ ಚೌಕಟ್ಟಿಗೆ ಸೈಕಲ್ ಕಡ್ಡಿ ಬಳಸಿದ್ದರೆಂದೂ ಹೇಳುವುದುಂಟು. ಈ ಮಾತು ಜನವಾಡಕ್ಕೆ ತಲುಪಿದ ದಿನ ಪಂಕ್ಚರ್ ಅಂಗಡಿಯ ಹುಡುಗ, “ಕಾಕಾ, ಬೀದರ್ ತನಕ ಯಾಕ್ ಹೋಗ್ತೀರಿ, ಕಡ್ಡಿ ನನ್ ಹತ್ರನೂ ಅದಾವ” ಎಂದು ಅಂದಾಜು ವೆಚ್ಚವನ್ನೂ ಹೇಳಿದ.

ವಿಧಾನ ಕೇಳಲು ಸರಳ. ಎಲುಬು ಕತ್ತರಿಸಿ ಐದರಿಂದ ಏಳು ದಿನ ಸುಮ್ಮನಿರಬೇಕು. ಆಮೇಲೆ ದಿನಕ್ಕೆ ಒಂದು ಮಿಲಿಮೀಟರ್ ಎಳೆಯಬೇಕು, ಅದನ್ನೂ ಒಮ್ಮೆಲೇ ಅಲ್ಲ, ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಅವಸರ ಮಾಡಿದರೆ ಹೊಸ ಎಲುಬು ಹುಟ್ಟುವುದಿಲ್ಲ, ಸೋಮಾರಿತನ ಮಾಡಿದರೆ ಸಂದು ಅಕಾಲದಲ್ಲಿ ಕೂಡಿಕೊಳ್ಳುತ್ತದೆ. ಐದು ಸೆಂಟಿಮೀಟರಿಗೆ ಐವತ್ತು ದಿನ. ಬೆಳೆದದ್ದು ಗಟ್ಟಿಯಾಗಲು ಮತ್ತೆ ಹಲವು ತಿಂಗಳು, ವಯಸ್ಸಾದಷ್ಟೂ ನಿಧಾನ, ಬೀಡಿ ಸೇದಿದರೆ ಇನ್ನೂ ನಿಧಾನ. ಈಗ ಎಲುಬಿನ ಒಳಗೇ ಕೂತು ಹೊರಗಿನ ಅಯಸ್ಕಾಂತದ ಮಾತು ಕೇಳಿ ಉದ್ದವಾಗುವ ಮೊಳೆಗಳೂ ಬಂದಿವೆ. ಅವುಗಳ ಬೆಲೆ ಕೇಳಿದ ಮೇಲೆ ಕಾಕಾ ಸೈಬೀರಿಯಾದ ಪದ್ಧತಿಯನ್ನೇ ಮೆಚ್ಚಿಕೊಂಡರು. ಆಯುಷ್ಮಾನ್ ಕಾರ್ಡು ಚೆಂದಕ್ಕಾಗಿ ಮಾಡಿಸುವ ಶಸ್ತ್ರಕ್ರಿಯೆಗೆ ನಡೆಯುವುದಿಲ್ಲ. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಲಕ್ಷಗಟ್ಟಲೆ ಖರ್ಚು ಮಾಡಿ ಜಂಗಮನೊಬ್ಬ ಅರ್ಧ ವರ್ಷ ಸ್ಥಾವರನಾಗುವ ಕ್ರಿಯೆ ಇದು. ಕಾಲನ್ನು ಕಂಬವೆಂದ ಬಸವಣ್ಣನವರು ಕಂಬದ ಅಳತೆ ಕೊಟ್ಟಿಲ್ಲ. ಕಲ್ಯಾಣ ಇಷ್ಟು ಹತ್ತಿರವಿದ್ದೂ ನಮಗೆ ಮಾರ್ಗದರ್ಶನ ಸಿಗದೆ ಹೋದದ್ದು ಹೀಗೆ.

ಪೂರ್ವಪಕ್ಷದವರು ಇಲ್ಲಿ ತ್ರಿವಿಕ್ರಮನನ್ನು ಎಳೆದು ತರುತ್ತಾರೆ. ವಾಮನನಾಗಿದ್ದವನು ನಿಂತಲ್ಲೇ ಬೆಳೆದು ಮೂರು ಹೆಜ್ಜೆಯಲ್ಲಿ ಲೋಕ ಅಳೆಯಲಿಲ್ಲವೇ? ಸಮಾಧಾನ: ಆ ಪ್ರಕರಣದಲ್ಲಿ ಎಲುಬು ಗಟ್ಟಿಯಾಗುವ ಅವಧಿಯ ದಾಖಲೆ ಇಲ್ಲ, ಹಿಮ್ಮಡದ ನರ ಬಿಗಿದುಕೊಂಡ ಉಲ್ಲೇಖ ಇಲ್ಲ, ತಂತಿ ತೂರಿದ ಜಾಗದಲ್ಲಿ ಕೀವಾದ ವರದಿಯೂ ಇಲ್ಲ. ಮನುಷ್ಯರಲ್ಲಿ ಈ ಮೂರೂ ಆಗುತ್ತವೆ. ಎಲುಬು ಬೆಳೆದಷ್ಟು ಚುರುಕಾಗಿ ಸ್ನಾಯು ಬೆಳೆಯುವುದಿಲ್ಲ, ಹಿಮ್ಮಡ ನೆಲ ಬಿಟ್ಟು ಮೇಲೇಳುತ್ತದೆ, ತುದಿಗಾಲಲ್ಲಿ ನಡೆಯಬೇಕಾಗುತ್ತದೆ. ತುದಿಗಾಲಲ್ಲಿ ನಿಂತರೆ ಪುಕ್ಕಟೆಯಾಗಿಯೇ ಎರಡು ಇಂಚು ಸಿಗುತ್ತದಲ್ಲ ಎಂದು ಕಾಕಿ ಎತ್ತಿದ ಆಕ್ಷೇಪಕ್ಕೆ ಪೂರ್ವಪಕ್ಷದಲ್ಲಿ ಈವರೆಗೆ ಉತ್ತರವಿಲ್ಲ.

ಹತ್ತಿರದ ನಿದರ್ಶನ ಹೈದರಾಬಾದಿನದು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಮನೆಯವರಿಗೆ ತಿಳಿಸದೆ ಎರಡೂ ಕಾಲು ಕತ್ತರಿಸಿಕೊಂಡು ಮಲಗಿದ. ಹುಡುಕಿಕೊಂಡು ಬಂದ ತಂದೆತಾಯಿ ಆಸ್ಪತ್ರೆಯ ಮುಂದೆ ರಂಪ ಮಾಡಿದರು, ತೆಲಂಗಾಣದ ವೈದ್ಯಕೀಯ ಪರಿಷತ್ತು ವಿವರಣೆ ಕೇಳಿತು. ಹುಡುಗ ಅಂಥ ಗಿಡ್ಡನೇನೂ ಅಲ್ಲ, ಕಾಕಾನ ಪಕ್ಕ ನಿಂತರೆ ತೆಂಗಿನ ಮರ. ಚೀನಾ ಸರ್ಕಾರವಂತೂ ಚೆಂದಕ್ಕಾಗಿ ಕಾಲು ಉದ್ದ ಮಾಡಿಸುವುದನ್ನು 2006ರಲ್ಲೇ ನಿಷೇಧಿಸಿತ್ತು. ಇಪ್ಪತ್ತೆರಡರ ಹುಡುಗ ಮನೆಯವರಿಗೆ ಹೇಳದೆ ಹೋಗಬಲ್ಲ. ನಲವತ್ತೇಳರವನು ಹೋಗಲಾರ, ಅವನ ಬಿಪಿ ಗುಳಿಗೆ ಎಲ್ಲಿದೆ ಎಂಬುದು ಗೊತ್ತಿರುವುದು ಹೆಂಡತಿಗೆ.

ಇಲಿಜಾರೊವ್ ಬೀದರ್‌ಗೆ ಬಂದಿದ್ದರೆ ಯಾರನ್ನು ಮೊದಲು ದಾಖಲು ಮಾಡಿಕೊಳ್ಳುತ್ತಿದ್ದರು? ಮಹಮೂದ್ ಗವಾನರ ಮದರಸಾವನ್ನು. 1472ರಲ್ಲಿ ಕಟ್ಟಿದ ಆ ಕಟ್ಟಡಕ್ಕೆ ಎರಡು ಮಿನಾರುಗಳಿದ್ದವು. ಹದಿನೇಳನೇ ಶತಮಾನದ ಕೊನೆಗೆ ಅಲ್ಲಿದ್ದ ಸಿಡಿಮದ್ದು ಸ್ಫೋಟಿಸಿ ಒಂದು ಹೋಯಿತು, ಇನ್ನೊಂದು ಸುಮಾರು 130 ಅಡಿ ಎತ್ತರಕ್ಕೆ ಒಂಟಿಯಾಗಿ ನಿಂತಿದೆ. ಒಂದು ಕಾಲು ಉದ್ದ, ಒಂದು ಗಿಡ್ಡ: ಈ ವಿದ್ಯೆ ಹುಟ್ಟಿದ್ದೇ ಇಂಥವರಿಗಾಗಿ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದು, ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ಪುಡಿ ಮಾಡಿಕೊಂಡ ವಲೇರಿ ಬ್ರುಮೆಲ್ ಕೊನೆಗೆ ಕುರ್ಗಾನಿಗೆ ಹೋಗಿ ಮತ್ತೆ ಜಿಗಿಯುವಂತಾದರು. ಪೋಲಿಯೊದಿಂದ ಒಂದು ಕಾಲು ಸೊರಗಿದವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ದೇಶ 2014ರಲ್ಲಿ ಪೋಲಿಯೊಮುಕ್ತವಾಯಿತು, ಅವರ ಕಾಲು ಆಗಲಿಲ್ಲ. ಅವರಲ್ಲಿ ಯಾರಾದರೂ ಈ ಚೌಕಟ್ಟು ತೊಟ್ಟರೆ ನಾನು ಈ ಪ್ರಬಂಧವನ್ನು ಹರಿದು ಹಾಕಿ ಅವರ ನಟ್ಟು ತಿರುಗಿಸಲು ಹೋಗುತ್ತೇನೆ. ಕಾಕಾನ ಎರಡು ಕಾಲುಗಳ ನಡುವೆ ಮಾತ್ರ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಈಗ ಪ್ರಬಂಧದ ಮುಖ್ಯ ಶೋಧಕ್ಕೆ ಬರೋಣ. ಈ ಶಸ್ತ್ರಕ್ರಿಯೆ ಉದ್ದ ಮಾಡುವುದು ಕಾಲನ್ನು. ಕೂತಾಗಿನ ಎತ್ತರಕ್ಕೆ ಅದು ಒಂದು ಮಿಲಿಮೀಟರನ್ನೂ ಕೂಡಿಸುವುದಿಲ್ಲ. ಜನವಾಡದ ನಡುವಯಸ್ಸಿನ ಗಂಡಸು ನಿಲ್ಲುವುದಾದರೂ ಎಷ್ಟು ಹೊತ್ತು? ಬೆಳಿಗ್ಗೆ ಕಟ್ಟೆ ಮೇಲೆ ಕೂರುತ್ತಾನೆ, ಹೋಟೆಲಿನ ಬೆಂಚಿನ ಮೇಲೆ ಕೂರುತ್ತಾನೆ, ಬೈಕಿನ ಮೇಲೆ ಕೂರುತ್ತಾನೆ. ಜಮೀನಿನ ಪಾಲು, ಹುಡುಗಿ ಕೇಳುವುದು, ಪಂಚಾಯ್ತಿ ಚುನಾವಣೆಯ ಮಸಲತ್ತು, ಬದುಕಿನ ದೊಡ್ಡ ಸಂಗತಿಗಳೆಲ್ಲ ಕೂತೇ ತೀರ್ಮಾನವಾಗುತ್ತವೆ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಬಜ್ಜಿ-ರೊಟ್ಟಿ ಉಣ್ಣುವುದು ಕಾಲು ಮಡಚಿಕೊಂಡು. ಚಿಕಿತ್ಸೆಯಿಂದ ಮೊಣಕಾಲು, ಕಣಕಾಲು ಬಿಗಿದವನಿಗೆ ಅದೂ ತಪ್ಪುತ್ತದೆ. ನಿಲ್ಲುವ ಸಂದರ್ಭಗಳನ್ನು ಪರೀಕ್ಷಿಸಿದಾಗ: ಸೆಪ್ಟೆಂಬರ್ 17ರ ಧ್ವಜಾರೋಹಣದಲ್ಲಿ ಗಿಡ್ಡನಾದವನನ್ನು ಮುಂದಿನ ಸಾಲಿಗೆ ಕರೆಯುತ್ತಾರೆ, ಪೇಪರಿನ ಫೋಟೊದಲ್ಲಿ ಪೂರ್ತಿ ಬರುತ್ತಾನೆ. ಬಸ್ಸಿನಲ್ಲಿ ಉದ್ದನೆಯವನ ತಲೆಗೇ ಪೆಟ್ಟು. ಪೊಲೀಸ್ ಕಾನ್‌ಸ್ಟೆಬಲ್‌ಗೆ 168 ಸೆಂಟಿಮೀಟರ್ ಬೇಕು, ಕಾಕಾ ಬೆಳೆದರೂ 165ಕ್ಕೆ ನಿಲ್ಲುತ್ತಾರೆ, ವಯೋಮಿತಿ ಮೀರಿದ್ದು ಬೇರೆ.

ನಿಜವಾಗಿ ಲಾಭ ಕಂಡದ್ದು ಒಂದೇ ಕಡೆ, ಬೀದರ್‌ನ ಝರಣಿ ನರಸಿಂಹ ಗುಹೆಯಲ್ಲಿ. ಎದೆಮಟ್ಟದ ನೀರಿನಲ್ಲಿ ಸುಮಾರು ಮುನ್ನೂರು ಮೀಟರ್ ನಡೆದು ದೇವರನ್ನು ಕಾಣಬೇಕಾದ ಆ ಸುರಂಗದಲ್ಲಿ ಎರಡು ಇಂಚು ಎಂದರೆ ಗದ್ದಕ್ಕೂ ತುಟಿಗೂ ಇರುವ ವ್ಯತ್ಯಾಸ. ಆದರೆ ತಂತಿ ತೂರಿದ ಕಾಲಿಟ್ಟುಕೊಂಡು ಆ ನೀರಿಗೆ ಇಳಿಯಲು ಯಾವ ವೈದ್ಯರೂ ಒಪ್ಪುವುದಿಲ್ಲ.

ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಲವತ್ತು ದಾಟಿದ ಮೇಲೆ ಮನುಷ್ಯ ಹತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಕುಗ್ಗುತ್ತಾನೆ. ಇಷ್ಟೆಲ್ಲ ಮಾಡಿ ಗಳಿಸಿದ ಐದರಲ್ಲಿ ಮೂರನ್ನು ಎಪ್ಪತ್ತೇಳರ ಹೊತ್ತಿಗೆ ಪ್ರಕೃತಿ ಬಡ್ಡಿಯಂತೆ ಮುರಿದುಕೊಳ್ಳುತ್ತದೆ. ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆ ದಿನವಿಡೀ ಒತ್ತಿಕೊಳ್ಳುವುದರಿಂದ ಬೆಳಿಗ್ಗೆಗಿಂತ ಸಂಜೆಗೆ ಎಲ್ಲರೂ ಒಂದು ಸೆಂಟಿಮೀಟರಿನಷ್ಟು ಗಿಡ್ಡ. ಮುಂದಿನ ಫೋಟೊಗಳನ್ನು ಸೂರ್ಯೋದಯಕ್ಕೆ ತೆಗೆಸಿದರೆ ಆ ಒಂದು ಸೆಂಟಿಮೀಟರಾದರೂ ಖರ್ಚಿಲ್ಲದೆ ಉಳಿಯುತ್ತದೆ ಎಂಬುದು ನಮ್ಮ ಶಿಫಾರಸು. ಕಾಕಿ ಆ ಹೊತ್ತಿಗೆ ಏಳದಂತೆ ನೋಡಿಕೊಳ್ಳಬೇಕು, ಅವರೂ ಆಗ ಉದ್ದವಿರುತ್ತಾರೆ.

ಕೊನೆಗೆ ಮುಹೂರ್ತ. ಅರ್ಧ ವರ್ಷ ಮಲಗಲು ಯಾವ ಅರ್ಧ? ಮಿರಗ ಮಳೆಗೆ ಸೋಯಾ ಬಿತ್ತನೆ, ಶ್ರಾವಣ ಮುಗಿಯುತ್ತಲೇ ಹೆಸರು-ಉದ್ದಿನ ರಾಶಿ, ದಸರಾ ಹೊತ್ತಿಗೆ ಸೋಯಾ ರಾಶಿ, ಅದಾದ ಮೇಲೆ ತೊಗರಿ, ಕಬ್ಬು ಕಡಿಯುವುದು, ಬ್ಯಾಸಿಗಿಗೆ ಮಗಳ ಲಗ್ನ. ಹೋಟೆಲಿನ ಬೆಂಚಿನ ಮೇಲೆ, ಕೂತೇ, ಸಭೆ ಸೇರಿತು. “ಏ ತಮ್ಮಾ, ಬೀಗರ ಮುಂದ ಉದ್ದ ಕಾಣಬೇಕಂದ್ರ ಮಂಚದ ಮ್ಯಾಲ ಮಲಗೇ ಕಾಣಬೇಕಾಗ್ತದ” ಎಂದು ಹಿರಿಯರೊಬ್ಬರು ಎಚ್ಚರಿಸಿದರು. ಕಾಕಾ ಪಟ್ಟು ಬಿಡಲಿಲ್ಲ. ಒಂದು ಠರಾವು ತಯಾರಾಯಿತು: ಕಾರ್ಖಾನೆಯಿಂದ ಕಬ್ಬಿನ ಬಾಕಿ ಪೂರ್ತಿ ಕೈಗೆ ಬಂದ ದಿನವೇ ದವಾಖಾನೆಗೆ ಸೇರತಕ್ಕದ್ದು, ಅಲ್ಲಿಯ ತನಕ ಈ ವಿಷಯ ಯಾರೂ ಎತ್ತತಕ್ಕದ್ದಲ್ಲ. ಹಾಳೆಯನ್ನು ಮನೆಗೆ ಒಯ್ದು ತೋರಿಸಿದಾಗ ಕಾಕಿ ರೊಟ್ಟಿ ಬಡಿಯುವುದು ಬಿಟ್ಟು, ಕೈ ಒರೆಸಿಕೊಂಡು, ಓದಿ, “ಪೆನ್ನು ಕೊಡ್ರಿ” ಎಂದರು.